ಚರ್ಚಿನವರ ಜೊತೆ ಹೋಲಿ ಲ್ಯಾಂಡ್ ಟೂರಿಗೆ ಅಮ್ಮನನ್ನು ಕಳಿಸಬಹುದೇ? ಅದು ಯಾತ್ರೆಯೋ, ಬರೀ ಟೂರೋ?

ಕಳಿಸಿ. ಮೊಣಕಾಲು ನೋವಿರುವ ಅಮ್ಮ, ಹತ್ತು ದಿನದಲ್ಲಿ ಜೋರ್ಡಾನ್, ಇಸ್ರೇಲ್, ಈಜಿಪ್ಟ್ ಮೂರನ್ನೂ ಮುಗಿಸುವ ಪ್ಯಾಕೇಜು, "ಇದೆಂಥ ಯಾತ್ರೆ, ಫೋಟೋ ತೆಗೆಸಿಕೊಳ್ಳೋಕೆ ಹೋಗೋದು" ಎನ್ನುವ ಅಣ್ಣ: ನೀವು ಬರೆದಿದ್ದನ್ನು ಓದಿದರೆ ನಮ್ಮ ಮನೆಯ ಮಾತೇ ಕೇಳಿದ ಹಾಗಾಯಿತು. ಕೋವಿಡ್‌ಗೆ ಮುಂಚೆ ನಮ್ಮ ಅಮ್ಮನ ಜೊತೆ ನಮ್ಮ ಧರ್ಮಕೇಂದ್ರದ ಗುಂಪಿನಲ್ಲಿ ಇದೇ ದಾರಿ ಸುತ್ತಿ ಬಂದವನು ನಾನು.

ಮೊದಲು ಅಣ್ಣನ ಮಾತಿಗೆ ಬರೋಣ. ಯಾತ್ರೆ ಬೇರೆ, ಊರು ನೋಡುವುದು ಬೇರೆ ಅನ್ನುವ ಕಾಲ ಎಂದೂ ಇರಲಿಲ್ಲ. 380ರ ದಶಕದಲ್ಲಿ ಪಶ್ಚಿಮ ಯುರೋಪಿನಿಂದ ಎಗೇರಿಯಾ ಎಂಬ ಹೆಂಗಸು ಹೊರಟು, ಮೋಶೆಗೆ ದಶಾಜ್ಞೆ ಸಿಕ್ಕಿತೆನ್ನುವ ಈಜಿಪ್ಟಿನ ಸಿನಾಯ್ ಬೆಟ್ಟ ಹತ್ತಿ, ಜೆರುಸಲೇಮೆಲ್ಲ ಸುತ್ತಿ, ಊರಿನ ಸಹೋದರಿಯರಿಗೆ ಪತ್ರ ಬರೆದಳು. ಇದು ಯಾವ ಬೆಟ್ಟ, ಅದು ಯಾವ ಬಾವಿ ಎಂದು ಅಲ್ಲಿನ ಸನ್ಯಾಸಿಗಳನ್ನು ಬಿಡದೆ ಕೇಳುತ್ತಿದ್ದ ಅಪ್ಪಟ ಪ್ರವಾಸಿ ಅವಳು. ಆದರೆ ಹೋದಲ್ಲೆಲ್ಲ ಒಂದು ಕ್ರಮ ಇಟ್ಟುಕೊಂಡಿದ್ದಳು: ಪ್ರಾರ್ಥನೆ, ಆ ಜಾಗಕ್ಕೆ ಸೇರಿದ ಬೈಬಲ್ ಭಾಗದ ಓದು, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ನಾನು ಟೂರನ್ನು ಅಳೆಯುವುದೂ ಅದರಿಂದಲೇ. ಬಸ್ಸಿಳಿದ ಮೇಲೆ ಬೈಬಲ್ ತೆರೆದು ಕೂರಲು ಇಪ್ಪತ್ತು ನಿಮಿಷ ಸಿಗುತ್ತದೆಯೇ? ಹಾಗಾಗಿ ಟೂರಿನವರನ್ನು "ಏನೇನು ತೋರಿಸ್ತೀರಿ" ಅಂತ ಕೇಳಬೇಡಿ, ಎಲ್ಲಾ ತೋರಿಸ್ತೀವಿ ಅಂತಲೇ ಹೇಳುತ್ತಾರೆ. "ಎಲ್ಲೆಲ್ಲಿ ಪೂಜೆ ಬುಕ್ ಆಗಿದೆ, ಎಷ್ಟು ಗಂಟೆಗೆ" ಅಂತ ಕೇಳಿ. ಅಲ್ಲಿನ ಕ್ಯಾಥೊಲಿಕ್ ಪುಣ್ಯಸ್ಥಳಗಳಲ್ಲಿ ಬಹುಪಾಲು ಫ್ರಾನ್ಸಿಸ್ಕನ್ ಎಂಬ ಸನ್ಯಾಸಿ ಸಭೆಯ ಗುರುಗಳ ಸುಪರ್ದಿಯಲ್ಲಿವೆ, ಪೂಜೆಗೆ ಮೊದಲೇ ಕಾಯ್ದಿರಿಸಬೇಕು. ಕಾಯ್ದಿರಿಸಿದ್ದರೆ ಅಷ್ಟು ಹೊತ್ತು ಗೈಡ್ ಕೂಡ ನಿಮ್ಮನ್ನು ಎಬ್ಬಿಸುವ ಹಾಗಿಲ್ಲ.

ನಮ್ಮ ಗುಂಪಿಗೆ ಅತಿ ಹೆಚ್ಚು ಹಿಡಿಸಿದ್ದು ಇಸ್ರೇಲಿನ ಉತ್ತರದ ಗಲಿಲೇಯ. ನಜರೇತಿನ ದೊಡ್ಡ ಬಸಿಲಿಕಾ ಚೆನ್ನಾಗಿದೆ, ಯೇಸು ಮದುವೆಗೆ ಹೋಗಿದ್ದ ಕಾನಾದಲ್ಲಿ ಗಂಡ ಹೆಂಡತಿಯರನ್ನು ನಿಲ್ಲಿಸಿ ಮದುವೆಯ ಮಾತು ಮತ್ತೆ ಕೊಡಿಸುತ್ತಾರೆ, ನಗುವೋ ನಗು. ಆದರೆ ಸರೋವರದ ಮಾತೇ ಬೇರೆ. ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಕೆಳಗಿರುವ ಸಿಹಿನೀರಿನ ಕೆರೆ ಅದು. ಬೇರೆ ಜಾಗಗಳಲ್ಲಿ "ಸಂಪ್ರದಾಯದ ಪ್ರಕಾರ ಇಲ್ಲೇ" ಎಂದು ಗೈಡ್ ಶುರುಮಾಡುತ್ತಾನೆ. ಇಲ್ಲಿ ಆ ಪೀಠಿಕೆ ಬೇಕಿಲ್ಲ. ಯೇಸುವಿನ ಶಿಷ್ಯರಾದ ಪೇತ್ರ, ಅಂದ್ರೆಯರು ಬಲೆ ಬೀಸಿದ್ದು ಈ ನೀರಿಗೇ. ದೋಣಿಯವರು ಬಂದವರ ದೇಶ ನೋಡಿ ಬಾವುಟ ಏರಿಸಿ ರಾಷ್ಟ್ರಗೀತೆ ಹಾಕುತ್ತಾರೆ. ನಡುನೀರಿನಲ್ಲಿ ಜನಗಣಮನಕ್ಕೆ ಎದ್ದು ನಿಂತೆವು. ಅಣ್ಣ ಇದನ್ನು ನೋಡಿದರೆ ಸರ್ಕಸ್ ಅನ್ನುತ್ತಾರೆ, ಅದೂ ಸುಳ್ಳಲ್ಲ. ಹಾಡು ಮುಗಿದ ಮೇಲೆ ಎಂಜಿನ್ ನಿಲ್ಲಿಸಿ, ಯೇಸು ಬಿರುಗಾಳಿ ಅಡಗಿಸಿದ ಬೈಬಲ್ ಭಾಗವನ್ನು ಫಾದರ್ ಓದಿದರು. ನಮ್ಮ ಅಮ್ಮ ಇವತ್ತಿಗೂ ಹೇಳುವುದು ಆ ಹೊತ್ತಿನ ಬಗ್ಗೆಯೇ.

ಯೇಸು ದೀಕ್ಷಾಸ್ನಾನ ಪಡೆದ ಯೊರ್ದಾನ್ ನದಿ ನೋಡಿ ಬಹಳ ಜನ ಪೆಚ್ಚಾಗುತ್ತಾರೆ, ಅಮ್ಮನಿಗೆ ಮೊದಲೇ ಹೇಳಿಬಿಡಿ. ಜೆರಿಕೋ ಬಳಿ ಅದು ಮಂಡ್ಯದ ವಿಸಿ ನಾಲೆಯಷ್ಟೂ ಗಂಭೀರವಾಗಿ ಕಾಣುವುದಿಲ್ಲ. ಕಂದು ನೀರು, ಜೊಂಡು, ಆಚೆ ದಡದಲ್ಲಿ ಕೈಯೆತ್ತಿದರೆ ಕಾಣುವಷ್ಟು ಹತ್ತಿರ ಜೋರ್ಡಾನ್ ದೇಶದ ಕಡೆಯ ಯಾತ್ರಿಕರು. ಎಷ್ಟೋ ಟೂರುಗಳಲ್ಲಿ ಬಿಳಿ ನಿಲುವಂಗಿ ಬಾಡಿಗೆಗೆ ಕೊಟ್ಟು ಮುಳುಗಿಸುವ ಯಾರ್ದೆನಿತ್ ಇರುವುದು ಮೇಲೆ, ಗಲಿಲೇಯ ಸರೋವರದ ಬಾಯಲ್ಲಿ. 1967ರ ಯುದ್ಧದ ನಂತರ ಕೆಳಗೆ ಜೆರಿಕೋ ಬಳಿಯ ಹಳೆಯ ದೀಕ್ಷಾಸ್ನಾನದ ಜಾಗ ಸೇನೆಯ ವಶವಾಗಿ ನೆಲಬಾಂಬು ತುಂಬಿದ್ದರಿಂದ 1981ರಲ್ಲಿ ಮಾಡಿಕೊಂಡ ಅನುಕೂಲ ಅದು. ಕಸ್ರ್ ಅಲ್ ಯಹೂದ್ ಎಂಬ ಆ ಕೆಳಗಿನ ಜಾಗ 2011ರಲ್ಲಿ ಮತ್ತೆ ತೆರೆಯಿತು. ಎದುರು ದಡದ ಅಲ್ ಮಗ್ತಾಸ್ 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಆಯ್ಕೆ ಇದ್ದರೆ ಕೆಳಗಿನದನ್ನೇ ಕೇಳಿ.

ಜೆರುಸಲೇಮಿನಲ್ಲಿ ಎಲ್ಲವೂ ಗಡಿಯಾರದ ಮೇಲೆ ನಿಂತಿದೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯಲ್ಲಿ ಹದಿನಾಲ್ಕು ಕಡೆ ನಿಂತು ಪ್ರಾರ್ಥಿಸುವ ಶಿಲುಬೆ ಹಾದಿಯನ್ನು ಹಗಲು ಹತ್ತಕ್ಕೆ ಮಾಡಿದರೆ ಅದು ಸಂತೆಬೀದಿ: ಟೀಶರ್ಟು, ಮಸಾಲೆ, ಕೈಗಾಡಿ, ಹತ್ತು ದೇಶದ ಗುಂಪುಗಳ ಮೈಕು. ನಾವು ಕತ್ತಲಿರುವಾಗಲೇ ಎದ್ದು ಹೊರಟೆವು. ಅಂಗಡಿಗಳ ಶಟರ್ ಮುಚ್ಚಿತ್ತು. ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡನ್ನು ತಲೆಯ ಮೇಲೆ ಹೊತ್ತ ಒಬ್ಬ ಹುಡುಗ ನಾವು ಹಾಡುವಾಗ ಪಕ್ಕಕ್ಕೆ ಸರಿದು ನಿಂತ. ಹದಿನಾಲ್ಕು ಸ್ಥಳಗಳಲ್ಲಿ ಕೊನೆಯ ಐದು ಪವಿತ್ರ ಸಮಾಧಿಯ ಚರ್ಚಿನೊಳಗೇ ಇವೆ. ಕ್ಯಾಥೊಲಿಕ್, ಗ್ರೀಕ್, ಅರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್ ಎಂದು ಆರು ಸಭೆಗಳು ಗೆರೆ ಎಳೆದು ಹಂಚಿಕೊಂಡ ಕಟ್ಟಡ. ಬಾಗಿಲಿನ ಬೀಗದ ಕೈ ಮಾತ್ರ ಶತಮಾನಗಳಿಂದ ಮುಸ್ಲಿಂ ಮನೆತನದವರ ಹತ್ತಿರ. ಒಳಗೆ ಬಲಕ್ಕೆ, ಯೇಸುವನ್ನು ಶಿಲುಬೆಗೇರಿಸಿದ ಕಲ್ವಾರಿಗೆ ಹತ್ತುವ ಮೆಟ್ಟಿಲು ಕಡಿದಾಗಿದೆ, ನಿಮ್ಮ ಅಮ್ಮನಿಗೆ ಒಂದು ಕೈ ಹಿಡಿಯುವವರು ಬೇಕು. ಹಗಲಿನಲ್ಲಿ ಸಮಾಧಿಯ ಮುಂದೆ ಗಂಟೆಗಟ್ಟಲೆ ಸಾಲು, ಒಳಗೆ ನಾಲ್ಕು ಜನಕ್ಕೆ ಜಾಗ, ಅರೆನಿಮಿಷಕ್ಕೆ "ಮುಂದೆ ಹೋಗಿ" ಎನ್ನುವ ಸನ್ಯಾಸಿ. ತಿರುಪತಿಯ ದರ್ಶನದ ಸಾಲು ಕಂಡವರಿಗೆ ಹೊಸದಲ್ಲ.

ನಮ್ಮ ಗುಂಪಿನಲ್ಲಿದ್ದ ಸಿಎಸ್ಐ ಎಂಬ ಪ್ರೊಟೆಸ್ಟೆಂಟ್ ಸಭೆಯವರಿಗೆ ಅಲ್ಲಿನ ದೀಪ, ಧೂಪ, ಗದ್ದಲ ಹಿಡಿಸಲಿಲ್ಲ. ಅವರಿಗೆ ಹಿಡಿಸಿದ್ದು ಹಳೆಯ ಊರಿನ ಗೋಡೆಯಾಚೆಯ ತೋಟದ ಸಮಾಧಿ, ಗಾರ್ಡನ್ ಟೂಂಬ್. ಯೇಸುವನ್ನು ಹೂತಿದ್ದು ಅಲ್ಲೇ ಎಂದು ಕೆಲವರ ನಂಬಿಕೆ. ಅದು ಯೇಸುವಿನ ಕಾಲಕ್ಕಿಂತ ಶತಮಾನಗಳಷ್ಟು ಹಳೆಯದು ಎಂದು ಪುರಾತತ್ವದವರು ಹೇಳುತ್ತಾರೆ, ನನಗೂ ಆ ವಾದ ಸರಿ ಅನಿಸುತ್ತದೆ. ಆದರೂ ಮರದ ನೆರಳಲ್ಲಿ ಬೆಂಚಿನ ಮೇಲೆ ಸುಮ್ಮನೆ ಕೂರಲು ಬಿಡುವ ಜಾಗ ಜೆರುಸಲೇಮಿನಲ್ಲಿ ಅಪರೂಪ.

ಈಜಿಪ್ಟಿನ ಬಗ್ಗೆ ನನ್ನ ಅಭಿಪ್ರಾಯ ಖಡಕ್: ಅದಿಲ್ಲದ ಪ್ಯಾಕೇಜು ಸಿಕ್ಕರೆ ಅದನ್ನೇ ಹಿಡಿಯಿರಿ. ಸಿನಾಯ್ ಬೆಟ್ಟ 2,285 ಮೀಟರ್ ಎತ್ತರ. ಮಧ್ಯರಾತ್ರಿ ಕಳೆದ ಮೇಲೆ ಚಳಿಯಲ್ಲಿ ಹೊರಟರೆ ಅರ್ಧಕ್ಕಿಂತ ಹೆಚ್ಚು ದೂರ ಒಂಟೆ ಸಿಗುತ್ತದೆ, ಕೊನೆಯ ಏಳುನೂರೈವತ್ತು ಮೆಟ್ಟಿಲನ್ನು ಕಾಲಲ್ಲೇ ಹತ್ತಬೇಕು. ಮೊಣಕಾಲಿನವರು ಕೆಳಗೆ ಹೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಆರನೇ ಶತಮಾನದ ಸಂತ ಕ್ಯಾಥರೀನ್ ಮಠ ನೋಡಿದರೆ ಸಾಕು. ಅಲ್ಲಿಂದ ಕೈರೋಗೆ ಹೆಚ್ಚುಕಡಿಮೆ ಇಡೀ ದಿನ ಮರಳುಗಾಡಿನ ಬಸ್ಸು. ಕೈರೋದಲ್ಲಿ ಪಪೈರಸ್ ಅಂಗಡಿ, ಅತ್ತರಿನ ಅಂಗಡಿ. ಆ ದಿನಗಳನ್ನು ಗಲಿಲೇಯಕ್ಕೆ ಕೊಟ್ಟರೆ ಚೆನ್ನ.

ಅಂಗಡಿಗಳಲ್ಲಿ ಒಂದಕ್ಕೆ ಮಾತ್ರ ನನ್ನ ವಿನಾಯಿತಿ. ಬೆತ್ಲೆಹೇಮಿನಲ್ಲಿ ಓಲಿವ್ ಮರದ ಕೆತ್ತನೆ ಮಾಡುವ ಕುಟುಂಬಗಳು ಅಲ್ಲಿನ ಅರಬ್ ಕ್ರೈಸ್ತರು. ಇಸ್ರೇಲ್ ಕಟ್ಟಿದ ಪ್ರತ್ಯೇಕತೆಯ ಗೋಡೆಯಾಚೆ ಬದುಕುವ ಅವರಿಗೆ ಯಾತ್ರಿಕರೇ ದುಡಿಮೆ, ಯಾತ್ರಿಕರು ನಿಂತರೆ ಒಲೆಯೂ ನಿಂತ ಹಾಗೆ. ಎಷ್ಟೋ ಗುಂಪುಗಳು ಯೇಸು ಹುಟ್ಟಿದರೆನ್ನುವ ಗುಹೆಯ ಬೆಳ್ಳಿ ನಕ್ಷತ್ರ ಮುಟ್ಟಿ, ಒಬ್ಬ ಊರಿನವನ ಜೊತೆಗೂ ಮಾತಾಡದೆ ಬಸ್ಸು ಹತ್ತುತ್ತವೆ. ಅರ್ಧ ಗಂಟೆ ಅಲ್ಲಿ ಕಳೆಯಲಿ, ಜಪಮಾಲೆಗಳನ್ನೂ ಅಲ್ಲೇ ಕೊಳ್ಳಲಿ.

ನಮ್ಮವರೂ ಅಲ್ಲಿ ಸಿಗುತ್ತಾರೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಸಂಜೆ ಹೋಟೆಲಿಗೆ ಬಂದು ಊರಿನಿಂದ ತಂದ ಹಪ್ಪಳ, ಉಪ್ಪಿನಕಾಯಿ ಪಡೆದು ಹೋದರು. ಹೈಫಾ ಊರಿನ ಕಾರ್ಮೆಲ್ ಬೆಟ್ಟಕ್ಕೆ ಹೋದರೆ ಗೈಡ್ ಹೇಳದ ಇನ್ನೊಂದು ವಿಷಯ ಅಮ್ಮನಿಗೆ ಗೊತ್ತಿರಲಿ: ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದ ಕುದುರೆಪಡೆಗಳಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಆ ಬೆಟ್ಟದ ಇಳಿಜಾರನ್ನೇ ಹತ್ತಿ ಫಿರಂಗಿ ಹಿಡಿದವರು ಮೈಸೂರಿನ ಸವಾರರು.

ಗಡಿಯಲ್ಲಿ ಪ್ರಶ್ನೆ ಜಾಸ್ತಿ ಕೇಳಿದರೆ ಅಮ್ಮ ಗಾಬರಿಯಾಗುವುದು ಬೇಡ. 2023ರಲ್ಲಿ ಕೇರಳದಿಂದ ಯಾತ್ರೆಗೆ ಹೋದ ಕೆಲವರು ಗುಂಪಿನಿಂದ ಕಣ್ಮರೆಯಾದ ಸುದ್ದಿಯಾಗಿತ್ತು. ಇಂಥವುಗಳಿಂದ ಭಾರತದ ಗುಂಪುಗಳ ಮೇಲೆ ಕಣ್ಣಿರುತ್ತದೆ.

ಮುಂಗಡ ಕಟ್ಟುವ ಮುಂಚೆ ವಿದೇಶಾಂಗ ಸಚಿವಾಲಯದ ಸಲಹೆ ನೋಡಿ. 2023ರ ಅಕ್ಟೋಬರಿನಲ್ಲಿ ಇಸ್ರೇಲ್-ಹಮಾಸ್ ಯುದ್ಧ ಶುರುವಾದ ನಂತರ ಅಲ್ಲಿನ ಪರಿಸ್ಥಿತಿ ತಿಂಗಳಿಂದ ತಿಂಗಳಿಗೆ ಬದಲಾಗಿದೆ. ಯುದ್ಧದಿಂದ ಟೂರು ನಿಂತರೆ ದುಡ್ಡು ವಾಪಸ್ಸೋ, ಬರೀ ತಾರೀಖು ಮುಂದಕ್ಕೋ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಿ, ಫಾದರ್ ಎಷ್ಟೇ ಭರವಸೆ ಕೊಡಲಿ.