ರಾಜ್ಯ ಸರ್ಕಾರಿ ನೌಕರರಿಗೆ ಸಾರ್ವತ್ರಿಕ ರಜೆಗೂ ಪರಿಮಿತ ರಜೆಗೂ ವ್ಯತ್ಯಾಸವೇನು?

ಸಾರ್ವತ್ರಿಕ ರಜೆಯ ದಿನ ಕಚೇರಿಗೇ ಬೀಗ, ಅರ್ಜಿ ಬೇಕಿಲ್ಲ. ಪರಿಮಿತ ರಜೆಯಲ್ಲಿ (ಕಚೇರಿ ಮಾತಿನಲ್ಲಿ ಆರ್‌ಎಚ್) ಕಚೇರಿ ತೆರೆದಿರುತ್ತದೆ. ಕರ್ನಾಟಕದ ನೌಕರರು ಸರ್ಕಾರದ ಪಟ್ಟಿಯಿಂದ ವರ್ಷಕ್ಕೆ 2 ದಿನ ಆರಿಸಿಕೊಂಡು, ಮೊದಲೇ ಅರ್ಜಿ ಕೊಟ್ಟು ಮಂಜೂರು ಮಾಡಿಸಿಕೊಳ್ಳಬೇಕು. ಎಡವುವುದು ಇಲ್ಲೇ: ಹಬ್ಬ ಮುಗಿಸಿ ಬಂದು ಅರ್ಜಿ ಕೊಟ್ಟರೆ ಆ ದಿನ ಸಾಂದರ್ಭಿಕ ರಜೆಯ ಲೆಕ್ಕಕ್ಕೆ ಹೋಗಬಹುದು. ಬಳಸದ ಆರ್‌ಎಚ್ ಮುಂದಿನ ವರ್ಷಕ್ಕೆ ಬರುವುದಿಲ್ಲ.

ಹಬ್ಬ ಭಾನುವಾರ ಬಂದರೆ ಬದಲಿ ರಜೆಯಿಲ್ಲ. ಎರಡನೇ, ನಾಲ್ಕನೇ ಶನಿವಾರಕ್ಕೂ ಅದೇ ಮಾತು. ನಾಲ್ಕನೇ ಶನಿವಾರದ ರಜೆ ಪುಕ್ಕಟೆ ಬಂದದ್ದೂ ಅಲ್ಲ: 2019ರಲ್ಲಿ ಅದನ್ನು ಕೊಟ್ಟಾಗ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು.

ಕೈಲ್ ಮುಹೂರ್ತ, ಹುತ್ತರಿಯಂಥವು ಕೊಡಗು ಜಿಲ್ಲೆಗಷ್ಟೇ ಸ್ಥಳೀಯ ರಜೆ.