ಡ್ರಿಲ್ ಪ್ರೆಸ್‌ನ ಚಕ್ ಕಳಚಿ ಬೀಳುತ್ತಿದ್ದರೆ

ತೂತು ಹಾಕುವಾಗಲೇ ಚಕ್ (ಡ್ರಿಲ್ ಬಿಟ್ ಹಿಡಿಯುವ ಭಾಗ) ಕಳಚಿ ಬೀಳುತ್ತಿದೆ ಅಂದರೆ, ಬಹುಶಃ ಟೇಪರ್ ಮೇಲೆ, ಅಂದರೆ ಚಕ್ ಕೂರುವ ತುದಿ ಸಣ್ಣಗಾಗುತ್ತಾ ಹೋಗುವ ಕಂಬಿಯ ಮೇಲೆ, ಎಣ್ಣೆಯೋ ಕಸವೋ ಇದೆ. ಅಲ್ಲಿ ಹಿಡಿತ ಬರೋದು ಲೋಹಕ್ಕೆ ಲೋಹ ಬಿಗಿಯಾಗಿ ಕೂತಾಗ ಮಾತ್ರ. ತುಕ್ಕು ಹಿಡಿಯದಿರಲಿ ಅಂತ ಸವರಿದ ಎಣ್ಣೆಯೂ ಜಾರಿಸುತ್ತದೆ.

ಮೊದಲು ಪ್ಲಗ್ ಕೀಳಿ. ಚಕ್ಕಿನ ಹಿಂಬದಿಯ ತೂತು, ಅದು ಕೂರುವ ಟೇಪರ್ ಎರಡನ್ನೂ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬೆರಳಲ್ಲಿ ಸವರಿ ನೋಡಿ. ಗೀರಿನ ಅಂಚು ಚುಚ್ಚಿದರೆ ನಯವಾದ ಸಾಣೆಕಲ್ಲಿನಿಂದ ಆ ಉಬ್ಬನ್ನಷ್ಟೇ ತೆಗೆಯಿರಿ. ಇಡೀ ಟೇಪರನ್ನು ಉಜ್ಜಬೇಡಿ, ಅಳತೆ ಕೆಡುತ್ತದೆ.

ಆಮೇಲೆ ಬಿಟ್ ಕಚ್ಚಿ ಹಿಡಿಯುವ ಮೂರೂ ದವಡೆಗಳನ್ನು ಪೂರ್ತಿ ಒಳಕ್ಕೆ ಎಳೆದುಕೊಳ್ಳಿ. ಇದನ್ನು ದಯವಿಟ್ಟು ಮರೆಯಬೇಡಿ. ಅವು ಹೊರಗಿದ್ದರೆ ಪೆಟ್ಟು ನೇರ ಅವುಗಳ ಮೇಲೆ ಬಿದ್ದು ಚಕ್ ಹಾಳಾಗುತ್ತದೆ. ಚಕ್ಕನ್ನು ಕೈಯಲ್ಲಿ ಏರಿಸಿ, ಕೆಳಗೆ ಮರದ ತುಂಡು ಕೊಟ್ಟು ನೇರವಾಗಿ ಒಂದೆರಡು ಪೆಟ್ಟು ಹಾಕಿ. ಕಬ್ಬಿಣದ ಸುತ್ತಿಗೆ ಚಕ್ಕಿಗೆ ತಾಗಬಾರದು.

ಚಕ್ ಕೂರುವ ಕಂಬಿಯ ಮೇಲ್ತುದಿಯಲ್ಲಿ, ಅದು ಯಂತ್ರದೊಳಗೆ ಕೂರುವ ಕಡೆ, ಇನ್ನೊಂದು ಟೇಪರ್ ಇದ್ದರೆ ಅದನ್ನೂ ಹೀಗೇ ಒರೆಸಿ. ಸ್ಯಾಂಡಿಂಗ್ ಡ್ರಮ್ (ಉಜ್ಜಿ ನಯ ಮಾಡುವ ಉರುಳೆ) ಥರದ್ದು ಹಾಕಿ ಅಡ್ಡಕ್ಕೆ ಒತ್ತುತ್ತಿದ್ದೀರಾ? ಹಾಗಿದ್ದರೆ ಎಷ್ಟು ಒರೆಸಿದರೂ ಚಕ್ ಮತ್ತೆ ಬೀಳುತ್ತದೆ, ಹಾಗೆ ಅಡ್ಡಕ್ಕೆ ಒತ್ತೋದನ್ನು ಬಿಡಿ.

ಇಷ್ಟಾದರೂ ನಿಲ್ಲದಿದ್ದರೆ ಟೇಪರ್ ಮೇಲೆ ಮಾರ್ಕರ್‌ನಲ್ಲಿ ಉದ್ದುದ್ದ ಗೆರೆ ಎಳೆದು, ಚಕ್ ಏರಿಸಿ ಸ್ವಲ್ಪ ತಿರುಗಿಸಿ ತೆಗೆಯಿರಿ. ಗೆರೆ ಒಂದು ತುದಿಯಲ್ಲಷ್ಟೇ ಅಳಿಸಿದ್ದರೆ ಟೇಪರ್ ಸವೆದಿರಬಹುದು, ಇಲ್ಲವೇ ಚಕ್ಕಿನ ಸೈಜೇ ಬೇರೆ ಇರಬಹುದು. ಆಗ ಅಳತೆ ನೋಡಿ ಬದಲಾಯಿಸಿ.