ಧೂಳು ಹೋಗೋದು ಎದೆಗೆ, ಪರೀಕ್ಷೆ ಮೂತ್ರಕ್ಕೆ!

ಪ್ರಶ್ನೆ: ನಮ್ಮ ಅಕ್ಕನ ಮಗ ಹೈದರಾಬಾದಿನಲ್ಲಿ ಯುರೇನಿಯಂ ಇಂಧನ ತಯಾರಿಸುವ ಕಡೆ ಕೆಲಸಕ್ಕೆ ಸೇರಿದ್ದಾನೆ. ಆಗಾಗ ಮೂತ್ರ ಪರೀಕ್ಷೆ ಮಾಡುತ್ತಾರಂತೆ. ಧೂಳು ಹೋಗುವುದು ಮೂಗಿನಿಂದ ಎದೆಗೆ ಅಲ್ವಾ? ಮೂತ್ರ ಯಾಕೆ ಸರ್?
– ಹುಡುಗನ ಚಿಕ್ಕಮ್ಮ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನೋಡ್ರಿ ಅಕ್ಕಾ, ಒಳಗೆ ಹೋದ ಪುಡಿ ಕರಗುತ್ತದೋ ಇಲ್ಲವೋ, ಎಲ್ಲ ಅದರ ಮೇಲಿದೆ.

ನಾನು ಕಲಬುರಗಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವಾಗ ಲ್ಯಾಬಿನ ಬೀರುವಿನಲ್ಲಿ ಯುರೇನೈಲ್ ಅಸಿಟೇಟ್ ಎಂಬ ಯುರೇನಿಯಂ ಲವಣದ ಬಾಟಲಿ ಇತ್ತು. ಸೋಡಿಯಂ ಪತ್ತೆ ಮಾಡಲು ಬಳಸುತ್ತಿದ್ದೆವು. ನಿಂಬೆಹಣ್ಣಿನ ಬಣ್ಣದ ಹರಳು. ಚಿಟಿಕೆ ಹಾಕಿ ಅಲ್ಲಾಡಿಸಿದರೆ ನೀರೆಲ್ಲ ಹಳದಿ. ಯುರೇನಿಯಂನ ಕಪ್ಪು ಆಕ್ಸೈಡ್ ಹಾಗಲ್ಲ, ತಳ ಹಿಡಿದು ಕೂತರೆ ಕೂತೇ ಇರುತ್ತದೆ.

ಎದೆಯೊಳಗೂ ಹೆಚ್ಚುಕಮ್ಮಿ ಹೀಗೇ. ಹಳದಿ ಜಾತಿಯ ಯುರೇನಿಯಂ ಆರು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಶ್ವಾಸಕೋಶದ ತೇವದಲ್ಲಿ ಬೈಕಾರ್ಬೊನೇಟ್ ಇದೆ, ನಿಮ್ಮ ಅಡುಗೆ ಸೋಡಾದಲ್ಲಿ ಇರುವುದೇ. ಅದು ಈ ಯುರೇನಿಯಂಗೆ ಅಂಟಿಕೊಂಡು ರಕ್ತಕ್ಕೆ ದಾಟಿಸುತ್ತದೆ. ಕಪ್ಪು ಡೈಆಕ್ಸೈಡಿನಲ್ಲಿ ನಾಲ್ಕೇ ಹೋಗಿರುತ್ತವೆ. ಇನ್ನೆರಡು ಹೋಗುವ ತನಕ ಅದು ಜಗ್ಗುವುದಿಲ್ಲ.

ವಿಕಿರಣ ರಕ್ಷಣೆಯ ಅಂತಾರಾಷ್ಟ್ರೀಯ ಆಯೋಗ ಎದೆಗೆ ಹೋದ ಪುಡಿ ಕರಗುವ ವೇಗ ನೋಡಿ ಬೇಗ, ಮಧ್ಯಮ, ನಿಧಾನ ಅಂತ ಮೂರು ಗುಂಪು ಮಾಡಿದೆ. ಅವರ 1994ರ ಲೆಕ್ಕದಲ್ಲಿ ಬೇಗ ಕರಗುವುದು ಅರ್ಧಕ್ಕೆ ಇಳಿಯಲು ಸುಮಾರು 10 ನಿಮಿಷ ಸಾಕು. ನಿಧಾನದ್ದಕ್ಕೆ 7,000 ದಿನ. ಅಂದರೆ 19 ವರ್ಷ!

ರಕ್ತಕ್ಕೆ ಬಂದದ್ದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಂದೇ ದಿನದಲ್ಲಿ ಮೂತ್ರಕ್ಕೆ ಇಳಿಯುತ್ತದೆ. ಅದಕ್ಕೇ ಆ ಪರೀಕ್ಷೆ. ದಾರಿಯಲ್ಲಿ ಏಟು ಬೀಳುವುದು ಕಿಡ್ನಿಗೆ. ಅದು ವಿಕಿರಣದ ಏಟಲ್ಲ, ಸೀಸದಂಥ ಲೋಹದ ವಿಷ. ಕರಗದ ಧೂಳು ಎದೆಯಲ್ಲೇ ಉಳಿದು ಆಲ್ಫಾ ಕಣ ಎಂಬ ವಿಕಿರಣ ಬಿಡುತ್ತಿರುತ್ತದೆ, ಮೂತ್ರದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಅದರಲ್ಲಿ ಒಂದಷ್ಟು ಕಫದ ಜೊತೆ ಗಂಟಲಿಗೆ ಬರುತ್ತದೆ, ನಾವು ಗೊತ್ತಾಗದೆ ನುಂಗಿಬಿಡುತ್ತೇವೆ. ಹಾಗಾಗಿ ಮಲ ಪರೀಕ್ಷೆಯೂ ಉಂಟು, ಎದೆಯ ಮುಂದೆ ಯಂತ್ರ ಇಟ್ಟು ಅಳೆಯುವುದೂ ಉಂಟು. (ಮಲದ ವಿಷಯ ಹುಡುಗ ಮನೆಯಲ್ಲಿ ಹೇಳಿರಲಿಕ್ಕಿಲ್ಲ, ನಾಚಿಕೆ ನೋಡಿ.)

ಅಂದ ಹಾಗೆ, ನಿಮ್ಮ ಪಕ್ಕದ ಗೋಗಿಯ ನೆಲದಡಿಯ ಯುರೇನಿಯಂ ಅದಿರಿನಲ್ಲೂ ಈ ಕಪ್ಪು ಜಾತಿಯದೇ ಇದೆ.

ಬಣ್ಣ ನೋಡಿ ಪೂರ್ತಿ ತೀರ್ಮಾನ ಮಾಡಲಾಗದು. ಆದರೂ ಮುಂದಿನ ಸಲ ಹುಡುಗ ಊರಿಗೆ ಬಂದಾಗ ಸುಮ್ನೆ ಕೇಳಿ: ಅವನು ನಿಲ್ಲುವ ಕಡೆ ಪುಡಿ ಹಳದಿಯೋ, ಕಪ್ಪೋ?